ಟೆಲಿಫೋನಿನ ಬೆಲ್ ಮಾಡಿದ ಇನ್ನೊಂದು ಯಂತ್ರ

ಗೆಳೆಯರೇ, ಕಳೆದ ಸುಗ್ಗಿಯಲ್ಲಿ ನಮ್ಮ ಚಿಕ್ಕಮ್ಮನ ಒಂದು ಓಲೆ ಕಣದಲ್ಲಿ ಕಳೆದುಹೋದದ್ದು ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಬಂದು ಹುಡುಕಿದಿರಿ. ತಿರುಪು ಸಡಿಲವಾಗಿತ್ತಂತೆ, ಚಿಕ್ಕಮ್ಮ ನೋಡಿಕೊಂಡಿರಲಿಲ್ಲ. ಕಣದ ಮಣ್ಣನ್ನೆಲ್ಲ ಜರಡಿ ಹಿಡಿದದ್ದಾಯಿತು. ಆಮೇಲೆ ಪಕ್ಕದೂರಿನಿಂದ ಒಬ್ಬರು ಮೆಟಲ್ ಡಿಟೆಕ್ಟರ್ ತಂದರು. ಉದ್ದನೆಯ ಕೋಲು, ತುದಿಗೆ ತಟ್ಟೆಯಂಥ ಒಂದು ಸುರುಳಿ. ಅದು ಕಣದ ತುಂಬ ಕೂಗಿದ್ದೇ ಕೂಗಿದ್ದು. ಕೂಗಿದ ಕಡೆಯೆಲ್ಲ ಅಗೆದರೆ ಸಿಕ್ಕಿದ್ದು ಎತ್ತಿನ ಲಾಳದ ಮೊಳೆಗಳು, ಗಾಡಿಯ ಒಂದು ಕಡಾಣಿ, ಸೋಡಾ ಬಾಟಲಿ ಮುಚ್ಚಳ, ಒಂದು ಹಳೇ ಐದು ಪೈಸೆ. ಓಲೆ ಮಾತ್ರ ಸಿಗಲಿಲ್ಲ.

ಆ ಯಂತ್ರ ಸರಿಯಿಲ್ಲ, ಒಳ್ಳೇದು ಯಾವುದು ಅಂತ ಸ್ಕೂಲಲ್ಲಿ ಕೇಳಿಕೊಂಡು ಬಾ, ನಾವೇ ಒಂದು ತರಿಸೋಣ ಅಂತ ಅಪ್ಪ ಹೇಳಿದರು. ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಯಂತ್ರದ ಹೆಸರು ಹೇಳುವ ಬದಲು ಒಬ್ಬ ಮನುಷ್ಯನ ಹೆಸರು ಹೇಳಿದರು. ಮೊದಲು ಇವರ ಕಥೆ ಓದು, ಆಮೇಲೆ ಯಂತ್ರ ಆರಿಸು ಅಂದರು. ಆ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಟೆಲಿಫೋನ್ ಕಂಡುಹಿಡಿದವರು ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವಲ್ಲ, ಅವರೇ. ಮೈಯೊಳಗೆ ಸೇರಿದ ಲೋಹವನ್ನು ಹುಡುಕುವ ಯಂತ್ರವನ್ನೂ ಅವರು ಮಾಡಿದ್ದರು ಅಂತ ನನಗೆ ಗೊತ್ತಿರಲಿಲ್ಲ.

ಬೆಲ್ ಅವರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆಯವರು ಉಚ್ಚಾರಣೆ ಕಲಿಸುವ ಮೇಷ್ಟ್ರು. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇರೆಯವರು ಆಕೆಯ ಕಿವಿಗಿಟ್ಟ ಕೊಳವೆಯಲ್ಲಿ ಕೂಗಿ ಮಾತಾಡಿದರೆ, ಈ ಹುಡುಗ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ಮೆಲ್ಲಗೆ ಮಾತಾಡುತ್ತಿದ್ದನಂತೆ. ದನಿ ಎಂಬುದು ಒಂದು ಅದುರುವಿಕೆ ಎಂಬುದನ್ನು ಇವರು ಪುಸ್ತಕಕ್ಕಿಂತ ಮೊದಲು ಅಮ್ಮನಿಂದಲೇ ಕಲಿತರು ಅಂತ ನನಗನ್ನಿಸುತ್ತದೆ. ಹುಟ್ಟಿದಾಗ ಹೆಸರು ಬರೀ ಅಲೆಕ್ಸಾಂಡರ್ ಬೆಲ್. ಅಣ್ಣ ತಮ್ಮ ಇಬ್ಬರಿಗೂ ನಡುವೆ ಒಂದು ಹೆಸರಿತ್ತು, ಇವರಿಗಿರಲಿಲ್ಲ. ಹನ್ನೊಂದನೇ ಹುಟ್ಟುಹಬ್ಬಕ್ಕೆ ಗ್ರಹಾಂ ಎಂಬ ಹೆಸರನ್ನೇ ಉಡುಗೊರೆಯಾಗಿ ಪಡೆದರು.

ಆ ಅಣ್ಣ ತಮ್ಮ ಇಬ್ಬರೂ ಕ್ಷಯರೋಗದಿಂದ ತೀರಿಕೊಂಡರು. ತಮ್ಮ 1867ರಲ್ಲಿ, ಅಣ್ಣ 1870ರಲ್ಲಿ. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆ ತಾಯಿ ಮನೆಮಠ ಬಿಟ್ಟು ಕೆನಡಾಕ್ಕೆ ಹಡಗು ಹತ್ತಿದರು. ಅಲ್ಲಿಂದ ಬೆಲ್ ಅವರು ಅಮೆರಿಕದ ಬಾಸ್ಟನ್ನಿಗೆ ಹೋಗಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳಿದರು. ಅವರ ಶಿಷ್ಯೆಯಾಗಿದ್ದ ಮೇಬಲ್ ಹಬರ್ಡ್ ಎಂಬಾಕೆಯನ್ನೇ 1877ರಲ್ಲಿ ಮದುವೆಯಾದರು. ಆಕೆಗೂ ಐದನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋಗಿತ್ತು. ಟೆಲಿಫೋನ್ ಮಾಡಿದವರ ಹೆಂಡತಿಗೂ ತಾಯಿಗೂ ಟೆಲಿಫೋನ್ ಕೇಳಿಸುತ್ತಿರಲಿಲ್ಲ ಅಂದರೆ ನೋಡಿ.

ಟೆಲಿಫೋನಿನ ಕಥೆ ನಮ್ಮ ಪಾಠದಲ್ಲೇ ಬಂದಿದೆ, ಬೇಗ ಹೇಳಿಬಿಡುತ್ತೇನೆ. 1876ರ ಮಾರ್ಚ್ 7ರಂದು ಪೇಟೆಂಟ್ ಸಿಕ್ಕಿತು, ಮೂರು ದಿನಕ್ಕೆ ತಂತಿಯಲ್ಲಿ ಮಾತು ಹರಿಯಿತು, ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್ ಎಂಬ ಸಹಾಯಕರಿಗೆ ಕೇಳಿಸಿತು. ಅದರಿಂದ ಹೆಸರು ಬಂತು, ಹಣ ಬಂತು, ಕೋರ್ಟು ಕಚೇರಿ ಅಲೆಯುವುದೂ ಬಂತು.

ಈಗ ನಾನು ಹೇಳಬೇಕೆಂದಿರುವ ವರ್ಷ 1881. ಆ ಜುಲೈ 2ರ ಬೆಳಿಗ್ಗೆ ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡು ಬಿತ್ತು. ಅವರು ಅಧ್ಯಕ್ಷರಾಗಿ ನಾಲ್ಕೇ ತಿಂಗಳಾಗಿತ್ತು. ಬಡವರ ಮನೆಯಲ್ಲಿ ಹುಟ್ಟಿ, ಹಿಂದೆ ಮೇಷ್ಟ್ರಾಗಿದ್ದವರು. ಚಾರ್ಲ್ಸ್ ಗಿಟೋ ಎಂಬುವನು ಹಿಂದಿನಿಂದ ಎರಡು ಗುಂಡು ಹಾರಿಸಿದ. ಒಂದು ತೋಳು ಸವರಿ ಹೋಯಿತು, ಇನ್ನೊಂದು ಬೆನ್ನೊಳಗೆ ಸೇರಿ ಉಳಿಯಿತು. ಎಲ್ಲಿದೆ ಅಂತ ಯಾರಿಗೂ ಕಾಣದು. ಆಗಿನ್ನೂ ಎಕ್ಸ್-ರೇ ಇಲ್ಲ, ಅದು ಬಂದದ್ದು 1895ರಲ್ಲಿ. ವೈದ್ಯರು ಗಾಯದೊಳಗೆ ಬೆರಳು ಹಾಕಿ, ಸಲಾಕೆ ಹಾಕಿ ತಡಕಾಡಿದರು. ಕೈ ತೊಳೆಯಬೇಕೆಂದು ಲಿಸ್ಟರ್ ಎಂಬ ವೈದ್ಯರು ಬ್ರಿಟನ್ನಿನಲ್ಲಿ ಆಗಲೇ ಹೇಳಿದ್ದರೂ ಅಮೆರಿಕದಲ್ಲಿ ಬಹಳ ಮಂದಿ ಅದನ್ನು ನಂಬಿರಲಿಲ್ಲ. ಇದನ್ನು ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಪತ್ರಿಕೆಯಲ್ಲಿ ಸುದ್ದಿ ನೋಡಿದ ಬೆಲ್ ಅವರಿಗೆ ತಮ್ಮದೇ ಹಳೇ ಪ್ರಯೋಗವೊಂದು ನೆನಪಾಯಿತು. ಟೆಲಿಫೋನ್ ತಂತಿಯಲ್ಲಿ ಬರುವ ಗಲಾಟೆ ಸದ್ದನ್ನು ಕಳೆಯಲು ಅವರು ಎರಡು ತಂತಿ ಸುರುಳಿಗಳನ್ನು ಬಳಸಿದ್ದರು. ಇದನ್ನು ತಕ್ಕಡಿಯ ಹಾಗೆ ಯೋಚಿಸಿ. ಒಂದು ಸುರುಳಿಗೆ ಬ್ಯಾಟರಿಯಿಂದ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವುದು. ಆಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟಿ ಸಾಯುತ್ತಾ ಇರುತ್ತದೆ. ಪಕ್ಕದ ಸುರುಳಿಗೆ ಟೆಲಿಫೋನಿನ ಕೇಳುವ ಭಾಗ ಜೋಡಿಸಿ, ಏನೂ ಸದ್ದು ಬಾರದ ಹಾಗೆ ಎರಡನ್ನೂ ಸರಿದೂಗಿಸಿ ಇಡುವುದು. ಈಗ ಒಂದು ಲೋಹದ ಚೂರು ಹತ್ತಿರ ಬಂದರೆ ಆ ಸಮತೂಕ ಕೆಡುತ್ತದೆ, ಕಿವಿಯಲ್ಲಿ ಸದ್ದು ಬರುತ್ತದೆ. ಮಣ್ಣಿರಲಿ ಮಾಂಸವಿರಲಿ, ಅಗೆಯದೆ ಕೊಯ್ಯದೆ ತಿಳಿಯುತ್ತದೆ. ಇಂದಿನ ಡಿಟೆಕ್ಟರ್‌ಗಳ ಮೂಲವೂ ಇದೇ.

ಮೇಬಲ್ ಅವರು ಆಗ ತುಂಬಿದ ಗರ್ಭಿಣಿ. ಆದರೂ ಬೆಲ್ ಅವರು ಆಕೆಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಬಿಟ್ಟು ವಾಷಿಂಗ್ಟನ್ನಿನ ಪ್ರಯೋಗಶಾಲೆಗೆ ಓಡಿದರು. ಟೇಂಟರ್ ಎಂಬ ಸಹಾಯಕರ ಜೊತೆ ಹಗಲು ರಾತ್ರಿ ಕೆಲಸ. ಗುಂಡು ಸೀಸದ್ದು. ಸೀಸ ಬೆಳ್ಳಿ ತಾಮ್ರದಷ್ಟು ಚೆನ್ನಾಗಿ ಕರೆಂಟು ಹರಿಸುವುದಿಲ್ಲ, ಹಾಗಾಗಿ ಅದರ ಸದ್ದು ಬಲು ಸಣ್ಣದು. ದೊಡ್ಡ ಮಾಂಸದ ತುಂಡಿನೊಳಗೆ ಗುಂಡಿಟ್ಟು ನೋಡಿದರು. 1865ಕ್ಕೆ ಮುಗಿದ ಯುದ್ಧದಲ್ಲಿ ಮೈಯೊಳಗೆ ಗುಂಡು ಉಳಿದುಹೋಗಿದ್ದ ಹಳೇ ಸೈನಿಕರ ಮೇಲೂ ಪರೀಕ್ಷಿಸಿದರು. ಯಂತ್ರ ಸರಿಯಾಗಿ ಕೂಗಿತು.

ಜುಲೈ 26ರಂದು ಶ್ವೇತಭವನದಲ್ಲಿ ಮೊದಲ ಪರೀಕ್ಷೆ. ಹೊರಗೆ ಸುಡು ಸೆಕೆ. ಅಧ್ಯಕ್ಷರ ಕೋಣೆ ತಂಪಾಗಿಸಲು ನೌಕಾಪಡೆಯ ಎಂಜಿನಿಯರುಗಳು ಐಸ್ ತುಂಬಿ ಗಾಳಿ ಬಿಡುವ ಯಂತ್ರ ಕಟ್ಟಿದ್ದರು. ಬೆಲ್ ಅವರ ಯಂತ್ರ ಅಂದು ಬರೀ ಚಟಪಟ ಅಂದಿತು. ಹೋಗಿ ನೋಡಿದರೆ ಒಂದು ತಂತಿ ಜೋಡಣೆ ತಪ್ಪಾಗಿತ್ತು! ಪ್ರಾಯೋಗಿಕ ತರಗತಿಯಲ್ಲಿ ನಮಗೆ ಆಗುತ್ತದಲ್ಲ, ಹಾಗೇ. ಸರಿಮಾಡಿಕೊಂಡು ಆಗಸ್ಟ್ 1ರಂದು ಮತ್ತೆ ಹೋದರು. ಈ ಸಲ ಸದ್ದು ಬಂತು. ಆದರೆ ಒಂದು ಚುಕ್ಕೆಯಲ್ಲಲ್ಲ, ಅಗಲವಾದ ಜಾಗದಲ್ಲಿ, ಅದೂ ಕ್ಷೀಣವಾಗಿ. ಆಮೇಲೆ ವಿಚಾರಿಸಿದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇತ್ತಂತೆ.

ಆ ಉಕ್ಕಿನ ಹಾಸಿಗೆಯೇ ಯಂತ್ರವನ್ನು ಕೆಡಿಸಿತು ಅಂತ ಬಹಳ ಪುಸ್ತಕಗಳು ಬರೆಯುತ್ತವೆ. ನಾನೂ ಮೊದಲು ಹಾಗೇ ನಂಬಿ ಈ ಲೇಖನದ ಕರಡಿನಲ್ಲಿ ಬರೆದುಬಿಟ್ಟಿದ್ದೆ, ಮೇಷ್ಟ್ರು ಹೊಡೆದು ಹಾಕಿದರು. ಬೆಲ್ ಅವರು ಅಂಥದೇ ಹಾಸಿಗೆ ತರಿಸಿ ನೋಡಿ, ಕಾರಣ ಅದಲ್ಲ ಅಂತ ತೀರ್ಮಾನಿಸಿದ್ದರು. ಖಂಡಿತವಾಗಿ ಗೊತ್ತಿರುವುದು ಬೇರೆ. ಮುಖ್ಯ ವೈದ್ಯರಾದ ಬ್ಲಿಸ್ ಅವರು ಗುಂಡು ಬಲಗಡೆಯೇ ಇದೆ ಎಂದು ನಂಬಿದ್ದರು, ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಅಧ್ಯಕ್ಷರು ಸೆಪ್ಟೆಂಬರ್ 19ರಂದು ತೀರಿಕೊಂಡ ಮೇಲೆ ಮೈ ಕೊಯ್ದು ನೋಡಿದರೆ ಗುಂಡು ಇದ್ದದ್ದು ಎಡಗಡೆ, ಆಳದಲ್ಲಿ. ಗುಂಡಿಗಿಂತ ಹೆಚ್ಚಾಗಿ ಗಾಯದ ನಂಜೇ ಅವರನ್ನು ಕೊಂದಿತ್ತು. ಹಾಗಾಗಿ ಯಂತ್ರ ಗುಂಡನ್ನು ತೋರಿಸಿದ್ದರೂ ಜೀವ ಉಳಿಯುತ್ತಿತ್ತು ಅಂತ ಹೇಳಲು ನನಗೆ ಧೈರ್ಯವಿಲ್ಲ.

ಇದರ ನಡುವೆ ಇನ್ನೊಂದು ಸಾವು. ಆಗಸ್ಟ್ 15ರಂದು ಮೇಬಲ್ ಅವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಮಗು. ಉಸಿರಾಡಲು ಕಷ್ಟಪಟ್ಟು ಕೆಲವೇ ಗಂಟೆಗಳಲ್ಲಿ ಹೋಯಿತು. ಎಡ್ವರ್ಡ್ ಅಂತ ಹೆಸರಿಟ್ಟಿದ್ದರು, ತೀರಿಕೊಂಡ ತಮ್ಮನ ಹೆಸರು. ಬೆಲ್ ಅವರು ಆ ದುಃಖದಲ್ಲೇ ಉಸಿರಾಟಕ್ಕೆ ನೆರವಾಗುವ ಒಂದು ಕವಚ ಮಾಡಲು ತೊಡಗಿದರು. ಎದೆಯ ಸುತ್ತಲಿನ ಗಾಳಿಯನ್ನು ಎಳೆದು ಬಿಟ್ಟು ಮಾಡಿ ಶ್ವಾಸಕೋಶ ಆಡಿಸುವ ಉಪಾಯ ಅದು. ಗುಂಡು ಹುಡುಕುವ ಸಾಧನವನ್ನೂ ಬಿಡಲಿಲ್ಲ. ಸೂಜಿಯಂಥ ಸಲಾಕೆಗೆ ಟೆಲಿಫೋನ್ ಜೋಡಿಸಿ, ಲೋಹಕ್ಕೆ ತಗುಲಿದ ಕೂಡಲೇ ಟಕ್ ಅನ್ನುವ ಹಾಗೆ ಮಾಡಿದರು. ಯಾರೂ ಕೇಳದಿದ್ದರೂ ಮಾಡಿದರು.

ಮುಂದಿನ ನಲವತ್ತು ವರ್ಷಗಳಲ್ಲಿ ಅವರು ಗಾಳಿಪಟ, ವಿಮಾನ, ನೀರಿನ ಮೇಲೆ ಎದ್ದು ಓಡುವ ದೋಣಿ ಎಲ್ಲವನ್ನೂ ಮಾಡಿದರು. ಆರು ವರ್ಷದ ಹೆಲೆನ್ ಕೆಲರ್‌ಗೆ ಗುರು ಸಿಗುವಂತೆ ದಾರಿ ತೋರಿದವರೂ ಇವರೇ. ಒಂದು ವಿಷಯ ಮುಚ್ಚಿಡಬಾರದು. ಕಿವುಡ ಮಕ್ಕಳು ಕೈಸನ್ನೆಯ ಭಾಷೆ ಬಿಟ್ಟು ಬಾಯಲ್ಲೇ ಮಾತಾಡಬೇಕೆಂದು ಇವರು ಹಟ ಹಿಡಿದಿದ್ದರು. ಅದರಿಂದ ತಮಗೆ ಅನ್ಯಾಯವಾಯಿತು ಅಂತ ಆ ಜನರಲ್ಲಿ ಬಹಳ ಮಂದಿ ಇಂದಿಗೂ ಹೇಳುತ್ತಾರೆ. 1922ರ ಆಗಸ್ಟ್ 2ರಂದು ಕೆನಡಾದ ತಮ್ಮ ಮನೆಯಲ್ಲಿ ಬೆಲ್ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಅಮೆರಿಕ, ಕೆನಡಾಗಳ ಟೆಲಿಫೋನುಗಳೆಲ್ಲ ಒಂದು ನಿಮಿಷ ಸುಮ್ಮನಾದವು.

ಕೈಯಲ್ಲಿ ಹಿಡಿದು ಹೊಲದಲ್ಲಿ ನಡೆಯುವಂಥ ಡಿಟೆಕ್ಟರ್ ಆಮೇಲೆ ಬಂತು. ಫಿಷರ್ ಎಂಬ ಎಂಜಿನಿಯರ್ 1937ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಹತ್ತು ಅಡಿ ಆಳದ ಚಿನ್ನ ತೋರಿಸುತ್ತದೆ ಅಂತ ಜಾಹೀರಾತಿದ್ದರೆ ಅದನ್ನು ಕೊಳ್ಳಬಾರದು. ಒಂದು ನಾಣ್ಯವನ್ನು ಸಾಮಾನ್ಯ ಯಂತ್ರ ಗೇಣುದ್ದ ಆಳದೊಳಗೆ ಹಿಡಿದರೆ ಹೆಚ್ಚು. ಕಬ್ಬಿಣದ ಸದ್ದು ಬೇರೆ, ಬೇರೆ ಲೋಹದ ಸದ್ದು ಬೇರೆ ಅಂತ ತೋರಿಸಬೇಕು, ಇಲ್ಲದಿದ್ದರೆ ಜೀವಮಾನವೆಲ್ಲ ಲಾಳದ ಮೊಳೆ ಅಗೆಯಬೇಕಾಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಇದೆ, ಆ ಮಣ್ಣಿಗೆ ಹೊಂದಿಸಿಕೊಳ್ಳುವ ಗುಂಡಿಯೋ ತಿರುಗಣೆಯೋ ಇರಬೇಕು. ಕಸ ಹೆಚ್ಚಿರುವ ಕಣಕ್ಕೆ ಚಿಕ್ಕ ಸುರುಳಿಯೇ ಒಳ್ಳೆಯದು. ಇನ್ನೊಂದು ಮೋಸ ಇದೆ. ಸಣ್ಣ ಚಿನ್ನದ ಒಡವೆಯೂ ಬೀಡಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ತರ ಕೇಳಿಸುತ್ತವೆ. ಕಾಗದ ಬೇಡ ಅಂತ ಯಂತ್ರಕ್ಕೆ ಹೇಳಿಟ್ಟರೆ ಓಲೆಯೂ ತಪ್ಪಿಹೋಗುತ್ತದೆ. ಮತ್ತೆ, ಹುಡುಕುವಾಗ ಯಾರೋ ಹೂತಿಟ್ಟ ನಿಧಿ ಸಿಕ್ಕರೆ ಅದು ನಮ್ಮದಲ್ಲ, ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ.

ಇಷ್ಟೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬಲಗಡೆ ಎಡಗಡೆ ಅನ್ನುವಾಗ ಚಿಕ್ಕಮ್ಮ ಒಲೆ ಮುಂದಿನಿಂದ ಎದ್ದು ಬಂದರು. ಓಲೆ ಇಲ್ಲ ಅಂತ ಗೊತ್ತಾದದ್ದು ಎಲ್ಲಿ ಅಂತ ಕೇಳಿದೆ. ಕಣದಲ್ಲಿ ಅಂದರು. ಅದಕ್ಕೆ ಮುಂಚೆ ಎಲ್ಲಿದ್ದಿರಿ ಅಂದೆ. ಹುಲ್ಲು ಹೊತ್ತು ಬಣವೆಗೆ ಹಾಕುತ್ತಿದ್ದೆ ಅಂದವರು ಹಾಗೇ ನಿಂತುಬಿಟ್ಟರು. ನಾವು ಯಾರೂ ಬಣವೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಯಂತ್ರ ಕೊಳ್ಳುವ ಮಾತನ್ನು ಅಪ್ಪ ಸದ್ಯಕ್ಕೆ ನಿಲ್ಲಿಸಿದ್ದಾರೆ. ಬಣವೆ ಅರ್ಧಕ್ಕಿಂತ ಕೆಳಗೆ ಬಂದಿದೆ. ದಿನಾ ಹುಲ್ಲು ಹಿರಿಯುವಾಗ ಚಿಕ್ಕಮ್ಮ ಒಂದೊಂದು ಹಿಡಿಯನ್ನೂ ಗೋಣಿಚೀಲದ ಮೇಲೆ ಕೊಡವಿ ಆಮೇಲೆ ಎತ್ತುಗಳ ಮುಂದೆ ಹಾಕುತ್ತಾರೆ.