ಮುಚ್ಚಲಿದ್ದ ಶಾಲೆಯನ್ನು ಉಳಿಸಿದ ಮೇಷ್ಟ್ರು

ಡಾ. ಜಾಕಿರ್ ಹುಸೇನ್ ಭಾರತದ ಮೂರನೇ ರಾಷ್ಟ್ರಪತಿ. ಜಿಕೆ ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಆದರೆ ನಾನು ಅವರ ಹೆಸರು ಮೊದಲು ಕೇಳಿದ್ದು ಒಂದು ಉರ್ದು ಕಥೆಯಿಂದ. ಚಿಕ್ಕವಳಿದ್ದಾಗ ನಮ್ಮ ಅಮ್ಮಿ ಹೇಳುತ್ತಿದ್ದ ಅಬ್ಬೂ ಖಾನನ ಮೇಕೆಯ ಕಥೆ ಬರೆದವರು ಅವರೇ. ನಾನು ಇಲ್ಲಿ ಬರೆಯುತ್ತಿರುವುದು ರಾಷ್ಟ್ರಪತಿಯ ಬಗ್ಗೆ ಅಲ್ಲ, ಮೇಷ್ಟ್ರ ಬಗ್ಗೆ.

ಅವರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ತಾಯಿಯೂ ಪ್ಲೇಗಿಗೆ ಬಲಿಯಾದರು. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ, ನಂತರ ಅಲಿಗಢದಲ್ಲಿ ಓದಿದರು. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು ಬಂದವರು ಅಲಿಗಢದಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭಿಸಿದರು. ಅವರಲ್ಲಿ ಇವರೂ ಒಬ್ಬರು. ಆಮೇಲೆ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಬರ್ಲಿನ್‌ಗೆ ಹೋದರು.

ಅಷ್ಟರಲ್ಲಿ ಜಾಮಿಯಾದ ಸ್ಥಿತಿ ಕೆಟ್ಟಿತು. ಖಿಲಾಫತ್ ಚಳವಳಿ ನಿಂತ ಮೇಲೆ ಅದರಿಂದ ಬರುತ್ತಿದ್ದ ಹಣವೂ ನಿಂತಿತು. ಅಲ್ಲಿನ ಪದವಿಗೆ ಸರ್ಕಾರದ ಮಾನ್ಯತೆ ಇರಲಿಲ್ಲ. ಪದವಿಯಿಂದ ನೌಕರಿ ಸಿಗದಿದ್ದರೆ ಮಕ್ಕಳನ್ನು ಕಳಿಸುವವರು ಯಾರು? 1925ರಲ್ಲಿ ಹಕೀಮ್ ಅಜ್ಮಲ್ ಖಾನರು ಅದನ್ನು ದೆಹಲಿಯ ಕರೋಲ್ ಬಾಗ್‌ಗೆ ತಂದರು. ಆದರೂ ಮುಚ್ಚಿಬಿಡುವ ಮಾತು ನಡೆದೇ ಇತ್ತು. ಮುಚ್ಚಬೇಡಿ, ನಾವು ಬರುತ್ತೇವೆ ಎಂದು ಜಾಕಿರ್ ಸಾಹೇಬರು ಜರ್ಮನಿಯಿಂದಲೇ ತಿಳಿಸಿದರು. 1926ರಲ್ಲಿ ಗೆಳೆಯರಾದ ಆಬಿದ್ ಹುಸೇನ್ ಮತ್ತು ಮೊಹಮ್ಮದ್ ಮುಜೀಬ್ ಜೊತೆ ಬಂದೇಬಿಟ್ಟರು. ಸಂಸ್ಥೆಯ ಹೊಣೆ ಹೊತ್ತಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

1927ರ ಕೊನೆಯಲ್ಲಿ ಅಜ್ಮಲ್ ಖಾನರು ತೀರಿಕೊಂಡರು. ನಾವು ಅಕೌಂಟೆನ್ಸಿಯಲ್ಲಿ ಕಲಿತಂತೆ ಲೆಕ್ಕ ಹಾಕಿದರೆ ಸಂಸ್ಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1928ರಲ್ಲಿ ಜಾಕಿರ್ ಸಾಹೇಬರೂ ಅವರ ಜೊತೆಗಾರರೂ ಒಂದು ಪ್ರತಿಜ್ಞೆ ಮಾಡಿದರು. 20 ವರ್ಷ ಜಾಮಿಯಾ ಬಿಡುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ. ಅಷ್ಟೂ ಕೈಗೆ ಬರದ ತಿಂಗಳುಗಳು ಎಷ್ಟೋ. ದೊಡ್ಡ ದಾನಿಗಳನ್ನೇ ನಂಬದೆ, ಹಮ್ದರ್ದಾನೆ ಜಾಮಿಯಾ ಎಂಬ ಹೆಸರಿನಲ್ಲಿ ಸಾಮಾನ್ಯ ಜನರಿಂದ ಸಣ್ಣ ಸಣ್ಣ ಚಂದಾ ಕೂಡಿಸಿದರು.

ಹಣದಷ್ಟೇ ದೊಡ್ಡ ಸವಾಲು ಪಾಠದ್ದು. ಬಾಯಿಪಾಠ ಮಾಡಿ ಒಪ್ಪಿಸುವುದು ಓದಲ್ಲ ಎಂದು ಅವರು ನಂಬಿದ್ದರು. ಜಾಮಿಯಾ ಶಾಲೆಯಲ್ಲಿ ಮಕ್ಕಳು ಕೈಕೆಲಸ ಮಾಡುತ್ತಾ ಕಲಿತರು. ತಮ್ಮದೇ ಬ್ಯಾಂಕು, ಅಂಗಡಿ ನಡೆಸುತ್ತಾ ಲೆಕ್ಕ ಕಲಿತರು. ಕಾಮರ್ಸ್‌ನವಳಾದ ನನಗೆ ಇದನ್ನು ಓದಿ ಹೊಟ್ಟೆಕಿಚ್ಚಾಯಿತು! ಶಿಸ್ತಿನ ಬಗ್ಗೆಯೂ ಒಂದು ಕಥೆ ಹೇಳುತ್ತಾರೆ. ಕೊಳಕು ಬೂಟು ಹಾಕಿ ಬರುವ ಹುಡುಗರು ಎಷ್ಟು ಹೇಳಿದರೂ ಕೇಳದಿದ್ದಾಗ ಅವರೇ ಬ್ರಷ್ ಹಿಡಿದು ಗೇಟಿನಲ್ಲಿ ಕೂತರಂತೆ. 1935ರಲ್ಲಿ ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡಲು ನವಾಬರನ್ನೋ ನಾಯಕರನ್ನೋ ಕರೆಯಲಿಲ್ಲ. ಶಾಲೆಯ ಅತಿ ಚಿಕ್ಕ ವಿದ್ಯಾರ್ಥಿಯ ಕೈಯಿಂದ ಇಡಿಸಿದರು.

1948ರಲ್ಲಿ ಅವರು ಅಲಿಗಢ ವಿಶ್ವವಿದ್ಯಾಲಯದ ಕುಲಪತಿಯಾದರು. ಮುಂದೆ ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರಲ್ಲಿ ರಾಷ್ಟ್ರಪತಿ. 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಮಜಾರ್ ಇರುವುದು ಜಾಮಿಯಾ ಆವರಣದಲ್ಲೇ.

ಫಲಿತಾಂಶ ಕಡಿಮೆ ಬಂದಾಗ, ನಮ್ಮ ಮಕ್ಕಳ ಹಣೆಬರಹ ಇಷ್ಟೇ ಎನ್ನುವ ಮಾತನ್ನು ನಾನು ಹೊರಗಿನವರಿಗಿಂತ ನಮ್ಮ ಮೊಹಲ್ಲಾದಲ್ಲೇ ಹೆಚ್ಚು ಕೇಳಿದ್ದೇನೆ. ಜಾಮಿಯಾದ ಬಗ್ಗೆಯೂ ಜನ ಹಾಗೇ ಅಂದಿರಬೇಕು. ಅದು ಒಂದು ವರ್ಷದಲ್ಲಿ ಸುಧಾರಿಸಲಿಲ್ಲ. ಬಿಟ್ಟು ಹೋಗಬಹುದಾಗಿದ್ದ ಮೇಷ್ಟ್ರುಗಳು ಬಿಡದೆ ನಿಂತರು, ಬೇರೆಡೆ ಓದಬಹುದಾಗಿದ್ದ ಮಕ್ಕಳು ಅಲ್ಲೇ ಓದಿದರು. ಮೇಷ್ಟ್ರುಗಳ ತ್ಯಾಗದ ಬಗ್ಗೆ ಭಾಷಣಗಳಲ್ಲಿ ಕೇಳುತ್ತೇವೆ. ಆ ಮಕ್ಕಳ ಪಾಲಿನ ಕೆಲಸ ನಮ್ಮದೂ ಹೌದು ಎಂದು ನನಗೆ ಅನಿಸುತ್ತದೆ.