ಹುಡುಗರ ಮನಸ್ಸು ಹಿಡಿದ ಹೈದರಾಬಾದಿನ ಮಾಸ್ತರ: ಫುಟ್‌ಬಾಲ್ ಕೋಚ್ ರಹೀಂ ಸಾಹೇಬ್ರ ಬದುಕು

ಕಲಬುರಗಿ: 2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸೈಯದ್ ಶಾಹಿದ್ ಹಕೀಂ ತೀರಿಕೊಂಡರು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದಲ್ಲಿ ಇದ್ದವರು ಅವರು. ಆ ತಂಡದ ಕೋಚ್ ಅವರ ತಂದೆಯೇ, ಸೈಯದ್ ಅಬ್ದುಲ್ ರಹೀಂ. ಆದ್ರೂ ರೋಮ್‌ನಲ್ಲಿ ಮಗನಿಗೆ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಮನೆ ಬೇರೆ, ಮೈದಾನ ಬೇರೆ ಅಂತ ನಡೆದ ಮನುಷ್ಯ ರಹೀಂ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ. ಆಗ ನಮ್ಮ ಗುಲಬರ್ಗಾ ಜಿಲ್ಲೆಯೂ ನಿಜಾಮರ ಅದೇ ರಾಜ್ಯದಲ್ಲಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಫುಟ್‌ಬಾಲ್ ಆಡಿ, ಹೊಟ್ಟೆಪಾಡಿಗೆ ಶಾಲೆ ಮಾಸ್ತರಾದರು. ತರಗತಿಯಲ್ಲಿ ಯಾವ ಹುಡುಗ ಹೆದರ್ತಾನೆ, ಯಾವನಿಗೆ ಬೇಗ ಸಿಟ್ಟು ಬರ್ತದೆ ಅಂತ ಮಾಸ್ತರಿಗೆ ಗೊತ್ತಿರಲೇಬೇಕು. ಆ ಕಣ್ಣನ್ನೇ ಅವರು ಮೈದಾನಕ್ಕೆ ತಂದರು.

1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. 1950ರಿಂದ 1954ರವರೆಗೆ ಸತತ 5 ಸಲ ಆ ತಂಡ ರೋವರ್ಸ್ ಕಪ್ ಗೆದ್ದಿತು. ಸಣ್ಣ ಹುಡುಗರಿಗೆ ಅವರು ಇಟ್ಟ ಟೂರ್ನಮೆಂಟ್‌ಗಳೇ ಬೇರೆ ಥರ. ಒಂದರಲ್ಲಿ ರೂಢಿ ಇಲ್ಲದ ಕಾಲಿನಿಂದಲೇ ಚೆಂಡು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತಾನೊಬ್ಬನೇ ಎಳೆದುಕೊಂಡು ಓಡುವಂತಿಲ್ಲ, ಜೊತೆಗಾರನಿಗೆ ಕೊಡಲೇಬೇಕು. ನಾನೇ ಹೀರೋ ಅನ್ನೋ ಹುಡುಗನ ಅಹಂ ಅಲ್ಲೇ ಕರಗುತ್ತಿತ್ತು.

1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಅವರ ತಂಡಕ್ಕೆ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅಂಥ ಸೋಲಾದ ಮೇಲೆ ತಂಡವೇ ಒಡೆದು ಹೋಗಬಹುದಿತ್ತು. ರಹೀಂ ಕೂತು ಅಳಲಿಲ್ಲ, ತಂಡವನ್ನು ಮತ್ತೆ ಕಟ್ಟಿದರು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗ 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಮಣಿಸಿ ಸೆಮಿಫೈನಲ್ ಸೇರಿತು. ಕೊನೆಗೆ ಸಿಕ್ಕಿದ್ದು 4ನೇ ಸ್ಥಾನ.

ನಿಜವಾದ ಪರೀಕ್ಷೆ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಇಸ್ರೇಲ್, ತೈವಾನ್ ಆಟಗಾರರನ್ನು ಇಂಡೋನೇಷ್ಯಾ ದೂರ ಇಟ್ಟಿತ್ತು. ಅದನ್ನು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ವಿರೋಧಿಸಿದ್ದಕ್ಕೆ ಅಲ್ಲಿನ ಮಂದಿ ಕೆರಳಿ, ಆ ಸಿಟ್ಟನ್ನೆಲ್ಲಾ ಆಟಗಾರರ ಮೇಲೆ ತೀರಿಸಿಕೊಂಡರು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು 6 ಹೊಲಿಗೆ ಹಾಕಿದ್ದರು. ಅತ್ತ ರಹೀಂ ಅವರ ಎದೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್.

ಗಾಯಾಳು ಜರ್ನೈಲ್ ಅವರನ್ನು ರಹೀಂ ಕೂರಿಸಲಿಲ್ಲ. ಹಿಂದಿನಿಂದ ಮುಂದಕ್ಕೆ ತಂದು ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಅವರು ಗೋಲು ಹೊಡೆದರು. ಫೈನಲ್‌ಗೆ ಮುಂಚೆ ರಹೀಂ ಬೈಯಲಿಲ್ಲ, ಹೆದರಿಸಲಿಲ್ಲ, ಚಿನ್ನದ ಪದಕವನ್ನು ತಮಗೆ ಉಡುಗೊರೆಯಾಗಿ ಕೇಳಿದರು ಅಂತ ಆಟಗಾರರು ಮುಂದೆ ನೆನೆಸಿಕೊಂಡಿದ್ದಾರೆ.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಮಂದಿ ಕೂಗಾಡುತ್ತಿದ್ದ ಮೈದಾನದಲ್ಲಿ ಅದೇ ಕೊರಿಯಾ ಎದುರಿಗಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2-1ರಿಂದ ಗೆಲುವು ನಮ್ಮದಾಯಿತು.

ಮರುವರ್ಷ, 1963ರ ಜೂನ್ 11ರಂದು ರಹೀಂ ಕಣ್ಮುಚ್ಚಿದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಆಮೇಲೆ ಭಾರತಕ್ಕೆ ಚಿನ್ನ ಬಂದಿಲ್ಲ. 2024ರಲ್ಲಿ ಅಜಯ್ ದೇವಗನ್ ಅವರ ‘ಮೈದಾನ್’ ಸಿನಿಮಾ ಬಂದ ಮೇಲಷ್ಟೇ ಬಹಳ ಮಂದಿಗೆ ಈ ಹೆಸರು ಗೊತ್ತಾಯಿತು.

ನಮ್ಮ ತಾಲೂಕುಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡೋ ಹುಡುಗರಿಗೆ ಕಸುವು ಕಮ್ಮಿ ಇಲ್ಲ. ಒಂದು ಪಾಯಿಂಟ್ ಸಲುವಾಗಿ ಅಂಪೈರ್ ಮೇಲೆ ಏರಿ ಹೋಗಿ, ಗೆಲ್ಲೋ ಪಂದ್ಯ ಕಳಕೊಳ್ಳೋರೂ ಇದ್ದಾರೆ. ಊರೇ ತಿರುಗಿ ಬಿದ್ದಾಗಲೂ ಜಕಾರ್ತಾದಲ್ಲಿ ಆ 11 ಮಂದಿ ಮಂದಿಯ ಕಡೆ ನೋಡಲಿಲ್ಲ, ಚೆಂಡಿನ ಕಡೆ ನೋಡಿದರು. ಅದನ್ನು ಕಲಿಸಿದ್ದು ಒಬ್ಬ ಶಾಲೆ ಮಾಸ್ತರ.