ಅಮೀರ್‌ಬಾಯಿ ಕರ್ನಾಟಕಿ

ಅಮೀರ್‌ಬಾಯಿ ಕರ್ನಾಟಕಿ (ನಿಧನ: ಮಾರ್ಚ್ 3, 1965) ಹಿಂದಿ ಚಲನಚಿತ್ರರಂಗದ ಆರಂಭಕಾಲದ ಪ್ರಸಿದ್ಧ ಗಾಯಕಿ, ನಟಿ ಹಾಗೂ ಸಂಗೀತ ನಿರ್ದೇಶಕಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಇವರು ‘ಕನ್ನಡ ಕೋಗಿಲೆ’ ಎಂದು ಹೆಸರಾಗಿದ್ದರು. 1943ರ ‘ಕಿಸ್ಮತ್’ ಚಿತ್ರದ ಗೀತೆಗಳು ಇವರಿಗೆ ದೇಶವ್ಯಾಪಿ ಕೀರ್ತಿಯನ್ನು ತಂದುಕೊಟ್ಟವು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನೀಡಿ, ಭಾರತೀಯ ಚಿತ್ರರಂಗದ ವಿರಳ ಮಹಿಳಾ ಸಂಗೀತ ನಿರ್ದೇಶಕರ ಸಾಲಿಗೆ ಸೇರಿದರು.

ಜನನ ಮತ್ತು ಬಾಲ್ಯ

ಅಮೀರ್‌ಬಾಯಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳಗಿಯ ಮುಸ್ಲಿಂ ಕುಟುಂಬವೊಂದರಲ್ಲಿ ಜನಿಸಿದರು. ಆಗ ಬೀಳಗಿಯು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮನೆಯಲ್ಲಿ ಹಾಡುಗಾರಿಕೆ ಮತ್ತು ನಾಟಕದ ವಾತಾವರಣವಿತ್ತು. ಬಾದಾಮಿಯ ಬನಶಂಕರಿ ಜಾತ್ರೆಯಂತಹ ಸಂದರ್ಭಗಳಲ್ಲಿ ವೃತ್ತಿ ನಾಟಕ ಕಂಪನಿಗಳು ಬೀಡುಬಿಟ್ಟು ಆಟವಾಡುವ ಸಂಪ್ರದಾಯವುಳ್ಳ ಈ ಸೀಮೆಯಲ್ಲಿ, ರಂಗಗೀತೆಯು ಜನಸಾಮಾನ್ಯರಿಗೂ ಶಾಸ್ತ್ರೀಯ ಸಂಗೀತದ ರುಚಿ ಹತ್ತಿಸಿತ್ತು. ಅಕ್ಕ ಗೋಹರ್‌ಬಾಯಿ ಕರ್ನಾಟಕಿಯವರೂ ಗಾಯಕನಟಿ. ಅವರು ಮುಂದೆ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಅಭಿನಯಿಸಿ, ಅವರ ಬಾಳಸಂಗಾತಿಯಾದರು.

ಚಿತ್ರರಂಗ ಪ್ರವೇಶ

ಎಳೆಯ ವಯಸ್ಸಿನಲ್ಲಿಯೇ ಮುಂಬಯಿ ಸೇರಿದ ಅಮೀರ್‌ಬಾಯಿಯವರ ಕಂಠಕ್ಕೆ ಮೊದಲು ಮನ್ನಣೆ ನೀಡಿದ್ದು ಗ್ರಾಮಫೋನ್ ಕಂಪನಿ. ಅವರು ಹಾಡಿದ ಕವ್ವಾಲಿಯ ಧ್ವನಿಮುದ್ರಿಕೆ ಜನಪ್ರಿಯವಾಯಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಚಿತ್ರರಂಗ ಪ್ರವೇಶಿಸಿದರು. ನಟನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಬೇಕಾಗಿದ್ದ ಕಾಲವದು. ರಂಗಭೂಮಿಯ ಹಿನ್ನೆಲೆಯುಳ್ಳವರಿಗೆ ಅದು ಅನುಕೂಲವಾಗಿತ್ತು. 1940ರ ‘ನರಸಿ ಭಗತ್’ ಚಿತ್ರದಲ್ಲಿಯೂ ಇವರು ಅಭಿನಯಿಸಿದ್ದಾರೆ.

ಹಿನ್ನೆಲೆ ಗಾಯನ

ಹಿನ್ನೆಲೆ ಗಾಯನ ಪದ್ಧತಿ ನೆಲೆಗೊಂಡಂತೆ ಅಮೀರ್‌ಬಾಯಿ ಅದರ ಮೊದಲ ತಲೆಮಾರಿನ ಪ್ರಮುಖ ಗಾಯಕಿಯಾದರು. ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಅವರ ಸಂಗೀತ ನಿರ್ದೇಶನದಲ್ಲಿ, ನಾಯಕಿ ಮುಮ್ತಾಜ್ ಶಾಂತಿಯವರಿಗೆ ಕಂಠದಾನ ಮಾಡಿದರು. ಈ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಪ್ರದರ್ಶನ ಕಂಡಿತು. ಕವಿ ಪ್ರದೀಪ್ ರಚಿಸಿ, ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ ಗೀತೆಯೊಂದು ಹಿಂದುಸ್ತಾನವನ್ನು ತೊಲಗಿರೆಂದು ಪರಕೀಯರಿಗೆ ಹೇಳುವಂತಹದು. ಸೆನ್ಸಾರ್‌ನ ಕಣ್ಣು ತಪ್ಪಿಸಲು ಅದರಲ್ಲಿ ಜರ್ಮನಿ ಮತ್ತು ಜಪಾನಿನ ಹೆಸರು ಹೇಳಲಾಗಿತ್ತು. ಆದರೆ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಕೆಲವೇ ತಿಂಗಳಾಗಿದ್ದ ಆ ದಿನಗಳಲ್ಲಿ ಅದರ ಗುರಿ ಯಾರೆಂಬುದು ಪ್ರೇಕ್ಷಕರಿಗೆ ತಿಳಿದೇ ಇತ್ತು.

ಆ ಬಳಿಕ ನೌಷಾದರ ‘ರತನ್’ (1944), ಖೇಮಚಂದ್ ಪ್ರಕಾಶರ ‘ಭರ್ತೃಹರಿ’ (1944), ಸಿ. ರಾಮಚಂದ್ರರ ‘ಶಹನಾಯಿ’ (1947) ಮೊದಲಾದ ಚಿತ್ರಗಳಿಗೆ ಹಾಡಿದರು. ಗುಜರಾತಿ ಚಿತ್ರಗೀತೆಗಳಲ್ಲಿಯೂ ಇವರು ಹೆಸರು ಗಳಿಸಿದರು. ಜೋಹರಾಬಾಯಿ ಅಂಬಾಲೇವಾಲಿ, ಶಂಶಾದ್ ಬೇಗಂ, ರಾಜಕುಮಾರಿ ಇವರ ಸಮಕಾಲೀನರು.

ಸಂಗೀತ ನಿರ್ದೇಶನ

ಚಿತ್ರರಂಗದಲ್ಲಿ ಹಾಡುವ ಹೆಣ್ಣಿಗೆ ಅವಕಾಶವಿತ್ತು. ರಾಗ ಸಂಯೋಜಿಸಿ ವಾದ್ಯವೃಂದವನ್ನು ನಡೆಸುವ ಅಧಿಕಾರ ಮಾತ್ರ ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಇತ್ತು. 1930ರ ದಶಕದಲ್ಲಿ ಜದ್ದನ್‌ಬಾಯಿ ಮತ್ತು ಬಾಂಬೆ ಟಾಕೀಸಿನ ಸರಸ್ವತಿ ದೇವಿ ಈ ಕಟ್ಟನ್ನು ಮುರಿದಿದ್ದರು. ಅದೇ ಹಾದಿಯಲ್ಲಿ ಅಮೀರ್‌ಬಾಯಿಯವರು 1948ರಲ್ಲಿ ‘ಶಹನಾಜ್’ ಚಿತ್ರದ ಸಂಗೀತದ ಹೊಣೆಯನ್ನು ಹೊತ್ತರು. ಆದರೆ ಅದೇ ಹೊತ್ತಿಗೆ ಕಾಲ ಬದಲಾಗುತ್ತಿತ್ತು. 1949ರಲ್ಲಿ ತೆರೆಕಂಡ ‘ಮಹಲ್’, ‘ಬರಸಾತ್’, ‘ಅಂದಾಜ್’ ಚಿತ್ರಗಳ ನಂತರ ಲತಾ ಮಂಗೇಶ್ಕರರ ತೆಳುವಾದ, ಏರುಸ್ಥಾಯಿಯ ಕಂಠವೇ ಮಾದರಿಯಾಯಿತು. ಅಮೀರ್‌ಬಾಯಿಯವರ ತುಂಬುದನಿಗೆ ಬೇಡಿಕೆ ತಗ್ಗಿತು. ಅವರು ಪೋಷಕ ಪಾತ್ರಗಳ ಅಭಿನಯದತ್ತ ಹೊರಳಿದರು.

ವೈಯಕ್ತಿಕ ಜೀವನ

ಖಳಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ವಿವಾಹ ಸುಖಕರವಾಗಿರಲಿಲ್ಲ. ಕೀರ್ತಿಯ ಶಿಖರದಲ್ಲಿದ್ದಾಗಲೇ ಮನೆಯಲ್ಲಿ ಹಿಂಸೆ ಅನುಭವಿಸಬೇಕಾಯಿತು. ಕೊನೆಗೆ ವಿಚ್ಛೇದನ ಪಡೆದರು. ದೇಶ ವಿಭಜನೆಯ ಬಳಿಕ ಹಿಮಾಲಯವಾಲಾ ಪಾಕಿಸ್ತಾನದಲ್ಲಿ ನೆಲೆಸಿದರು. ಅಮೀರ್‌ಬಾಯಿ ಭಾರತದಲ್ಲಿಯೇ ಉಳಿದರು. ಅನಂತರ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು.

ನಿಧನ ಮತ್ತು ಸ್ಮರಣೆ

ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ನಿಧನರಾದ ಅಮೀರ್‌ಬಾಯಿಯವರ ಸಮಾಧಿ ವಿಜಯಪುರದಲ್ಲಿದೆ. ಅದೇ ನಗರದ ‘ಅಮೀರ್ ಟಾಕೀಸ್’ ಅವರ ಹೆಸರಿನ ಚಿತ್ರಮಂದಿರ. ವಿದ್ವಾಂಸ ರಹಮತ್ ತರೀಕೆರೆಯವರು ಇವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದಾರೆ.

ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿಯೇ ಅಕ್ಕತಂಗಿಯರು ‘ಕರ್ನಾಟಕಿ’ ಎಂಬ ಹೆಸರಿನಿಂದ ಪ್ರಸಿದ್ಧರಾದದ್ದು ಗಮನಾರ್ಹ. ಏಕೀಕರಣ ನಡೆದದ್ದು 1956ರಲ್ಲಿ. ರಾಜ್ಯಕ್ಕೆ ‘ಕರ್ನಾಟಕ’ ಎಂಬ ನಾಮಕರಣವಾದದ್ದು, ಅಮೀರ್‌ಬಾಯಿ ನಿಧನರಾದ ಎಂಟು ವರ್ಷಗಳ ಬಳಿಕ, 1973ರಲ್ಲಿ.